ವಂಶವೃಕ್ಷದಲ್ಲಿ ನಾನು ತಿದ್ದಿದ ಗೆರೆ

ಇಂಗ್ಲೆಂಡಿನ ಎಜ್‌ಬಾಸ್ಟನ್ನಿನಲ್ಲಿ ನಮ್ಮ ಫ್ಲಾಟಿನ ಕೆಳಗಿನ ಮನೆಯಲ್ಲಿ ಒಬ್ಬ ಜರ್ಮನ್ ಅಜ್ಜಿ ಇದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಡಾಕ್ಟರಾದ ಯಜಮಾನರು ಆಸ್ಪತ್ರೆಯ ಕೆಲಸಕ್ಕೆ ಹೊರಟ ಮೇಲೆ ನಾನು ಬೇಳೆ ಬೇಯಿಸಿಟ್ಟು, ಒದ್ದೆ ಬಟ್ಟೆಗಳನ್ನು ರೇಡಿಯೇಟರಿನ ಮೇಲೆ ಹರವಿ, ಹನ್ನೊಂದಕ್ಕೆ ಕೆಳಗಿಳಿಯುತ್ತಿದ್ದೆ. ಅಜ್ಜಿಗೆ ಕೈ ನಡುಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ನನ್ನ ಅಕ್ಷರ ದುಂಡಗಿತ್ತು. ಗೆಳೆತನಕ್ಕೆ ಅಷ್ಟು ಸಾಕಾಯಿತು.

ಅವರ ತಾಯಿ ಜರ್ಮನಿಯ ಒಂದು ಸಣ್ಣ ರಾಜಮನೆತನದ ಮಗಳು. ಶಾಲಾಮಾಸ್ತರರೊಬ್ಬರನ್ನು ಮದುವೆಯಾದದ್ದಕ್ಕೆ ಮನೆತನದ ಪುಸ್ತಕದಿಂದ ಆಕೆಯ ಹೆಸರನ್ನೇ ಕೈಬಿಟ್ಟಿದ್ದರು. ಈಗ ಹೊಸ ಪುಸ್ತಕ ಬರಲಿತ್ತು. ಹಾಗೆ ಬಿಟ್ಟುಹೋದ ಹೆಣ್ಣುಮಕ್ಕಳನ್ನೂ ಸೇರಿಸುತ್ತೇವೆ, ವಂಶವೃಕ್ಷ ಬರೆದು ಕಳಿಸಿ ಎಂದು ಆ ಮನೆತನದವರ ಸಂಘದಿಂದ ಕಾಗದ ಬಂದಿತ್ತು. ಅಜ್ಜಿಗೆ ಮಕ್ಕಳಿರಲಿಲ್ಲ. ಅಮ್ಮನ ಹೆಸರು ಅಚ್ಚಾದದ್ದನ್ನು ಕಂಡು ಕಣ್ಣು ಮುಚ್ಚಬೇಕು, ಅದೊಂದೇ ಅವರ ಆಸೆ.

ಅವರು ಪೆನ್ಸಿಲಿನಲ್ಲಿ ಗೀಚಿದ್ದನ್ನು ನಾನು ದೊಡ್ಡ ಹಾಳೆಗೆ ಶಾಯಿಯಲ್ಲಿ ಇಳಿಸಬೇಕಿತ್ತು. ಆ ಮನೆತನದ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಮುಂದೊಂದು ನಂಬರು.

"ವಾರ್ಡಲ್ಲಿ ಬೆಡ್ ನಂಬರ್ ಕೊಟ್ಟ ಹಾಗಿದೆ ಕಣೇ," ಎಂದು ಯಜಮಾನರು ನಕ್ಕಿದ್ದರು.

ಯಾರು ಯಾರೆಂದು ತಿಳಿಯಲಿ ಅಂತ ನಾನು ಒಂದು ಚೀಟಿಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ ಎಂದು ಕನ್ನಡದಲ್ಲಿ ಗುರುತು ಹಾಕಿಕೊಂಡೆ. ಎಡವಿದ್ದು ಅಲ್ಲೇ. ಪೆನ್ಸಿಲಿನ ಗೆರೆಯ ಪ್ರಕಾರ ಅಜ್ಜಿಯ ತಾತ, ಅಂದರೆ ತಾಯಿಯ ತಂದೆ, ಇಬ್ಬರು ಸೋದರರಲ್ಲಿ ಅಣ್ಣನ ಮಗ; ಅವರ ಕೈಹಿಡಿದವಳು ತಮ್ಮನ ಮಗಳು. ನಮ್ಮ ಲೆಕ್ಕದಲ್ಲಿ ಅಣ್ಣ-ತಂಗಿ! ಬರೆಯಲು ಕೈಯೇ ಬರಲಿಲ್ಲ. ಆ ಅಣ್ಣ-ತಮ್ಮಂದಿರಿಗೆ ಒಬ್ಬ ತಂಗಿಯೂ ಇದ್ದಳು, ಗೆರೆ ಅವಳ ಪಕ್ಕದಲ್ಲೇ ಹಾದಿತ್ತು. ಕೈ ನಡುಗಿ ತಪ್ಪಿರಬೇಕು, ಸೋದರತ್ತೆಯ ಮಗಳಾದರೆ ಸಂಬಂಧ ಸರಿಹೋಗುತ್ತದೆ ಅಂದುಕೊಂಡೆ. ನಿಮ್ಮ ತಾತ ತಂಗಿಯನ್ನೇ ಮದುವೆಯಾದರೇ ಎಂದು ಆ ವಯಸ್ಸಿನವರನ್ನು ಹೇಗೆ ಕೇಳುವುದು? ಮದುಮಗಳನ್ನು ಸದ್ದಿಲ್ಲದೆ ಸೋದರತ್ತೆಯ ಕೆಳಗೆ ಬರೆದು, ಅಂಚೆಗೆ ಹಾಕಿ ಬಂದೆ. ಅಷ್ಟು ದೊಡ್ಡ ಹಾಳೆಯ ಗೆರೆಗಳನ್ನೆಲ್ಲ ಭೂತಗನ್ನಡಿಯಲ್ಲಿ ಹಿಂಬಾಲಿಸಿ ನೋಡುವಷ್ಟು ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಅಚ್ಚುಕಟ್ಟಾಗಿದೆ ಎಂದು ನನ್ನ ಬೆರಳುಗಳಿಗೆ ಮುತ್ತಿಟ್ಟಿದ್ದರು.

ಉತ್ತರ ಬಂದ ದಿನ ನಾನು ಬಿಸಿ ಸಾರಿನ ಬಟ್ಟಲು ಹಿಡಿದು ಹೋಗಿದ್ದೆ. ಅಜ್ಜಿ ಭೂತಗನ್ನಡಿ ಹಿಡಿದು ಕಾಗದವನ್ನು ಎರಡು ಸಲ ಓದಿದರು, ಆಮೇಲೆ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಹಾಳೆಯಲ್ಲಿರುವ ಸಂಬಂಧ ಅವರ ದಾಖಲೆಗೆ ಹೊಂದುವುದಿಲ್ಲವಂತೆ, ಸಂಶಯವಿದ್ದದ್ದರಿಂದ ತಾಯಿಯ ಹೆಸರನ್ನು ಬಿಟ್ಟಿದ್ದಾರಂತೆ, ಪುಸ್ತಕ ಅಚ್ಚಿಗೆ ಹೋಗಿದೆಯಂತೆ.

ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಅಜ್ಜಿ ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿದರು.

"ನನ್ನ ತಾತನ ಮದುವೆ ನಿನಗೆ ತಪ್ಪಾಗಿ ಕಂಡಿತು," ಎಂದರು. "ನನ್ನ ಅಮ್ಮನದೂ ಮನೆತನದವರಿಗೆ ಹಾಗೇ ಕಂಡಿತ್ತು."

ಸಾರು ಆರಿತು. ಮೇಲೆ ಬಂದು ಯಜಮಾನರಿಗೆ ಹೇಳಿದರೆ, ಅವರು ಶೂ ಬಿಚ್ಚುವುದನ್ನೂ ಮರೆತು ಕೂತರು. "ತಿದ್ದು ಅಂತ ನಿನಗೆ ಯಾರು ಹೇಳಿದ್ರು?" ಎಂದಷ್ಟೇ ಕೇಳಿದರು. ಅವರ ಜೊತೆ ಕೆಲಸ ಮಾಡುವ ಜರ್ಮನ್ ಡಾಕ್ಟರೊಬ್ಬರ ಕೈಲಿ ಸಂಘಕ್ಕೆ ಫೋನ್ ಮಾಡಿಸಿದೆವು. ಒಂದು ಸಲವಲ್ಲ, ನಾಲ್ಕು ಸಲ. ಮುದ್ರಣ ಮುಗಿದಿದೆ, ಮತ್ತೊಂದು ಪುಸ್ತಕ ಬರುವುದು ಯಾವಾಗಲೋ ಗೊತ್ತಿಲ್ಲ ಎಂದರು. ಅಜ್ಜಿಗೆ ಅಷ್ಟು ಕಾಲ ಎಲ್ಲಿತ್ತು?

ಚಳಿಗಾಲದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ನಾನು ಹೊಸ ಹಾಳೆ ತಂದು, ಪೆನ್ಸಿಲಿನ ಒಂದೊಂದು ಗೆರೆಯನ್ನೂ ಇದ್ದದ್ದು ಇದ್ದಂತೆ ಇಳಿಸಿ, ಸುರುಳಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಆ ಹೊತ್ತಿಗೆ ಅವರಿಗೆ ಏನೂ ಕಾಣಿಸುತ್ತಿರಲಿಲ್ಲ. ಹೊದಿಕೆಯ ಮೇಲೆ ಹಾಳೆ ಹರಡಿ, ಅವರ ಬೆರಳು ಹಿಡಿದು ಅಣ್ಣನಿಂದ, ತಮ್ಮನಿಂದ ಕೆಳಗಿಳಿಸುತ್ತ ತಾಯಿಯ ಹೆಸರಿನ ಮೇಲೆ ತಂದಿಟ್ಟೆ.

"ಇದು ಪುಸ್ತಕದ ಪುಟವೇ?" ಎಂದು ಕೇಳಿದರು.

ಹೌದು ಅಂದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಆ ಹಾಳೆಯಲ್ಲಿ ಇನ್ನೊಮ್ಮೆ ನನ್ನ ಇಷ್ಟದಂತೆ ತಿದ್ದುವ ಧೈರ್ಯ ನನಗಿರಲಿಲ್ಲ.

"ಅಲ್ಲ. ನಾನು ಬರೆದದ್ದು," ಎಂದೆ.

ಅವರು ಬೆರಳನ್ನು ಮೆಲ್ಲಗೆ ಹಿಂದಕ್ಕೆಳೆದು ಹೊದಿಕೆಯೊಳಗೆ ಇಟ್ಟುಕೊಂಡರು.