ಊದಿ ಇಡುವ ಕಾಂಚನ

ಅಕ್ಕೋಳದಲ್ಲಿ ನಾನು ಕಲಿಸುತ್ತಿದ್ದ ಶಾಲೆಗೆ ಕಾಂಚನಳನ್ನು ತಾಯಿ ತುಳಸವ್ವ ಕರೆತಂದ ದಿನ, ಆ ಹುಡುಗಿ ಕೂರುವ ಮೊದಲು ಬೆಂಚನ್ನು ಊದಿದಳು. ಪಾಟಿಯನ್ನು ಊದಿದಳು. ನಾನು ಕೊಟ್ಟ ಸೀಮೆಸುಣ್ಣವನ್ನೂ ಊದಿಯೇ ಹಿಡಿದಳು. ತುಳಸವ್ವ ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರದಲ್ಲಿ ಎಲೆ ಆರಿಸುತ್ತಿದ್ದಳು. ಅವಳ ಸೀರೆಯೊಂದಿಗೆ ಮನೆಗೆ ಬಂದ ತಂಬಾಕಿನ ಪುಡಿಯು ತಾಟು, ಲೋಟ, ಹಾಸಿಗೆಗಳ ಮೇಲೆಲ್ಲ ಕೂರುತ್ತಿತ್ತು. ಊದದೆ ಏನನ್ನೂ ಇಡಬಾರದು, ಊದದೆ ಏನನ್ನೂ ಎತ್ತಬಾರದು ಎಂಬುದು ಆ ಮನೆಯ ಶಿಸ್ತು. ಶಾಲೆಯ ಸ್ವಚ್ಛತೆಯ ಬಹುಮಾನ ತಪ್ಪದೆ ಅವಳಿಗೇ ಹೋಗುತ್ತಿತ್ತು.

ಬಿ.ಎಸ್ಸಿ. ಮುಗಿಸಿದ ಕಾಂಚನಳಿಗೆ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕೆಲಸ ನೋಡಿ ಕಾಯಂ ಮಾಡುವುದೆಂದು ಮಾತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ರೋಗಿಗಳ ಮೂತ್ರಪಿಂಡದ ಚೂರುಗಳನ್ನು ಅವಳು ಸಿದ್ಧಪಡಿಸಬೇಕಿತ್ತು. ಚೂರನ್ನು ಕೆಡದಂತೆ ಔಷಧದಲ್ಲಿ ನೆನೆಸಿ, ನೀರಿನಂಶ ತೆಗೆದು, ರಾಳದಲ್ಲಿ ಗಟ್ಟಿಗೊಳಿಸಿ, ಊಹೆಗೂ ನಿಲುಕದಷ್ಟು ತೆಳ್ಳಗೆ ಕೊಯ್ದು, ಆ ಪೊರೆಯನ್ನು ಪುಟ್ಟ ತಾಮ್ರದ ಜಾಲರಿಯ ಮೇಲೆ ಎತ್ತಿಕೊಳ್ಳಬೇಕು. ಕೊನೆಗೆ ಅದನ್ನು ಬಟ್ಟಲಲ್ಲಿನ ಸೀಸದ ದ್ರಾವಣದ ಹನಿಯ ಮೇಲಿಟ್ಟರೆ ಒಳಗಿನ ರಚನೆ ಎದ್ದು ಕಾಣುತ್ತದೆ. ಅವಳ ಕೈಯಲ್ಲಿ ಪೊರೆ ಹರಿಯುತ್ತಿರಲಿಲ್ಲ. ಆದರೆ ಪ್ರತಿಯೊಂದು ಚಿತ್ರದಲ್ಲೂ ಯಾರೋ ಕಪ್ಪು ಕಾಳು ಚೆಲ್ಲಿದಂತಿರುತ್ತಿತ್ತು.

ವಿಭಾಗದ ಮುಖ್ಯಸ್ಥ ಡಾಕ್ಟರ್ ಸುಧೀರ ಮೊದಲು ಸಂತೋಷಪಟ್ಟರು. ನಮ್ಮ ಭಾಗದವರಿಗೆ ಮಾತ್ರ ಬರುವ ಹೊಸ ರೋಗವೊಂದು ತಮ್ಮ ಕೈಗೆ ಸಿಕ್ಕಿತೆಂದು ವೈದ್ಯರ ಸಭೆಯೊಂದರಲ್ಲಿ ಭಾಷಣವನ್ನೂ ಒಪ್ಪಿಕೊಂಡರು. ಅಷ್ಟರಲ್ಲಿ ಇಲಿಯ ಮೂತ್ರಪಿಂಡದಲ್ಲೂ ಅದೇ ಕಾಳು ಕಂಡಿತು. ಆಮೇಲೆ ಉಳ್ಳಾಗಡ್ಡಿಯ ಬೇರಿನಲ್ಲೂ. ಉಳ್ಳಾಗಡ್ಡಿಗೆ ಮೂತ್ರಪಿಂಡವಿಲ್ಲವೆಂಬುದನ್ನು ಅವರು ಒಪ್ಪಲೇಬೇಕಾಯಿತು. ಹಾಗಾದರೆ ಕೊಳೆ ಕಾಂಚನಳದೇ. ಸ್ವಚ್ಛವಾಗಿ ಕೆಲಸ ಮಾಡು, ಈ ತಿಂಗಳೂ ಹೀಗೇ ಆದರೆ ಊರಿಗೆ ಹೊರಡು ಎಂದರು. ಕಾಂಚನ ಇನ್ನಷ್ಟು ಸ್ವಚ್ಛಳಾದಳು. ಕಾಳುಗಳು ಇನ್ನಷ್ಟು ಹೆಚ್ಚಿದವು.

ಆ ತಿಂಗಳ ಕೊನೆಯಲ್ಲಿ ಮೊಣಕಾಲು ತೋರಿಸಲು ಆ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದ ನಾನು ಅವಳನ್ನು ಕಂಡು ಬರಲು ಹೋದೆ. ನನಗೂ ಸುಧೀರರಿಗೂ ಅವಳು ಚಹಾ ತಂದಳು. ಕಪ್ಪು-ಬಸಿಗಳನ್ನು ಒಂದೊಂದಾಗಿ ಊದಿ ಮುಂದಿಟ್ಟಳು. ಸುಧೀರರ ಕೈ ಅಲ್ಲಿಯೇ ನಿಂತಿತು.

"ಸೀಸದ ಹನಿ ಹಾಕೂ ಮುಂದನೂ ಹಿಂಗ ಊದ್ತಿ ಏನವಾ?"

"ಊದಲಾರದ ಹೆಂಗ ಇಡೂದ್ರಿ ಸರ್? ಮೊದಲ ಊದತೇನ್ರಿ, ಆಮ್ಯಾಲೆ ನೀವು ಹೇಳಿದಂಗ ಮುಚ್ಚತೇನ್ರಿ."

ಉಸಿರು ತಗುಲಿದರೆ ಸೀಸದ ದ್ರಾವಣದಲ್ಲಿ ಕಾಳು ಕಟ್ಟುತ್ತದೆಂಬುದು ಅವರಿಗೆ ತಿಳಿದದ್ದೇ. ಅದಕ್ಕೆಂದೇ ಬಟ್ಟಲು ಮುಚ್ಚಿಡಲು ಹೇಳಿದ್ದರು. ಅವಳು ಉಸಿರನ್ನು ಒಳಗೆ ತುಂಬಿ, ಆಮೇಲೆ ಭದ್ರವಾಗಿ ಮುಚ್ಚುತ್ತಿದ್ದಳು.

ಅವಳನ್ನು ಕಳಿಸಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ತಮ್ಮ ಹೊಸ ರೋಗದ ಕಥೆಯೂ ಹೊರಬೀಳುತ್ತದೆ. ಸುಧೀರರು ಚಹಾ ಕುಡಿದು ಮುಗಿಸಿ, ನಾಳೆಯಿಂದ ಮಾಸ್ಕ್ ಹಾಕಿಕೋ, ಏನನ್ನೂ ಊದಬೇಡ ಎಂದಷ್ಟೇ ಹೇಳಿದರು. ಮುಂದಿನ ಚಿತ್ರದಲ್ಲಿ ಒಂದು ಕಾಳೂ ಇರಲಿಲ್ಲ. ಸಭೆಯ ಭಾಷಣ ಅನಾರೋಗ್ಯದ ನಿಮಿತ್ತ ರದ್ದಾಯಿತು.

ಈಗ ಕಾಂಚನಳ ಕೆಲಸ ಕಾಯಂ ಆಗಿದೆ. ಹೊಸಬರಿಗೆ ಅವಳೇ ಕಲಿಸುತ್ತಾಳೆ. ಬಾಯಿ ಕಟ್ಟುವುದೇ ಮೊದಲ ಪಾಠ. ಮೊನ್ನೆ ಮಗಳ ಕೆಲಸ ನೋಡಲು ಹೋದ ತುಳಸವ್ವನನ್ನೂ ಬಾಗಿಲಲ್ಲೇ ತಡೆದು ಮಾಸ್ಕ್ ಹಾಕಿದಳಂತೆ.

"ನಾ ಕಲಿಸಿದ್ದು ನನಗ ಬ್ಯಾಡ ಅಂತಿ ಏನಲೇ ಹುಡುಗಿ?" ಎಂದಳಂತೆ ತುಳಸವ್ವ.

"ಹೊರಗ ಎಷ್ಟ ಬೇಕಾದ್ರೂ ಊದು ಯವ್ವಾ, ಇಲ್ಲಿ ಉಸರ ಬಿಗಿಹಿಡಿ."

ಮಧ್ಯಾಹ್ನ ಇಬ್ಬರೂ ಹೊರಗಿನ ಬೇವಿನ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದರು. ಕಾಂಚನ ಮಾಸ್ಕ್ ಇಳಿಸಿ, ತಾಯಿಯ ಪಾಲಿನ ರೊಟ್ಟಿಯನ್ನು ಮೊದಲು ಊದಿ ಕೊಟ್ಟಳಂತೆ.