ನನ್ನ ಮನೆಯಲ್ಲಿ ನಾನೇ ಹೆಣ್ಣಿನ ಕಡೆಯವನು

"ನೀವು ಗಂಡಿನ ಕಡೆಯೋರೋ, ಹೆಣ್ಣಿನ ಕಡೆಯೋರೋ?"

ಈ ಪ್ರಶ್ನೆಯನ್ನು ಮದುವೆ ಮಂಟಪದಲ್ಲಿ ಕೇಳಿದರೆ ಸರಿ. ಊಟದ ಪಂಕ್ತಿಯಲ್ಲಿ ಕೇಳಿದರೂ ಸರಿ. ನನ್ನನ್ನು ಕೇಳಿದ್ದು ನನ್ನದೇ ಮನೆಯ ಬಾಗಿಲಲ್ಲಿ. ಕೇಳಿದವರು ನನ್ನದೇ ಸೋಫಾದ ಮೇಲೆ ಕಾಲು ಮಡಿಚಿ ಕುಳಿತಿದ್ದ, ನಾನು ಜನ್ಮದಲ್ಲಿ ನೋಡಿರದ ಯಜಮಾನರೊಬ್ಬರು!

ಕಳೆದ ವಾರದ ಮಾತು. ಶಿವಮೊಗ್ಗದಲ್ಲಿ ತಂಗಿ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಹೆಂಡತಿ ಅಲ್ಲೇ ಉಳಿದಳು. ನಾನು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಸ್ ಹತ್ತಿ ಹೊಳಲ್ಕೆರೆಗೆ ವಾಪಸಾದೆ. (ಈ ಅಂಕಣ ಬರೆಯಬೇಕಿತ್ತಲ್ಲ! ನಿಮಗೋಸ್ಕರ ಏನೆಲ್ಲ ಮಾಡುತ್ತೇನೆ ನೋಡಿ.) ಫೋನಿನ ಚಾರ್ಜು ದಾರಿಯಲ್ಲೇ ಖಾಲಿ. ಸಂಜೆ ಹೆಗಲಿಗೆ ಬ್ಯಾಗು ಏರಿಸಿಕೊಂಡು ನಮ್ಮ ಬೀದಿಗೆ ಬಂದರೆ ಗೇಟು ತೆರೆದಿದೆ. ಬಾಗಿಲೂ ತೆರೆದಿದೆ. ಹೊಸ್ತಿಲಾಚೆ ಚಪ್ಪಲಿಗಳ ರಾಶಿ. ಒಳಗೆ ತುಂಬ ಜನ. ನಮ್ಮ ಬೆಡ್‌ರೂಮಿನ ಕನ್ನಡಿಯ ಮುಂದೆ ಯಾರೋ ಹೆಂಗಸು ಆರಾಮವಾಗಿ ಮಲ್ಲಿಗೆ ಮುಡಿಯುತ್ತಿದ್ದಾರೆ.

"ಯಾರ್ರೀ ನೀವೆಲ್ಲ?" ಎಂದು ಜೋರಾಗಿಯೇ ಕೇಳಿದೆ.

ಯಜಮಾನರು ಬೇಸರ ಮಾಡಿಕೊಳ್ಳಲಿಲ್ಲ. "ನಾವು ಹಿರಿಯೂರಿನೋರು. ನಾನು ಮದುವೆ ಹುಡುಗನ ದೊಡ್ಡಪ್ಪ. ಬರ್ರಿ, ಒಳಗೆ ಬಂದು ಕುಂತ್ಕಳ್ರಿ" ಎಂದು ನನ್ನನ್ನು ನನ್ನ ಮನೆಗೆ ಸ್ವಾಗತಿಸಿದರು. ಆಮೇಲೆಯೇ ಆ ಪ್ರಶ್ನೆ ಕೇಳಿದ್ದು.

"ಇದು ನನ್ನ ಮನೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ರತ್ನಕ್ಕ ಕಂಡರು. ರತ್ನಕ್ಕ ನಮ್ಮ ಪಕ್ಕದ ಮನೆಯವರು. ಅಂಗನವಾಡಿ ಟೀಚರ್. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗಳನ್ನು ಓದಿಸಿ ಬೆಳೆಸಿದವರು. ಮಾರನೆಯ ದಿನ ಆ ಮಗಳ ಮದುವೆ. ನಾವು ಊರಿಗೆ ಹೋದಾಗಲೆಲ್ಲ ಮನೆಯ ಕೀ ಅವರ ಹತ್ತಿರವೇ ಇರುತ್ತದೆ, ಗಿಡಕ್ಕೆ ನೀರು ಹಾಕಲೆಂದು. ಈಗ ಅವರ ಕೈಯಲ್ಲಿ ಕಾಫಿ ಟ್ರೇ. ಮುಖದಲ್ಲಿ ರಕ್ತವೇ ಇಲ್ಲ. ದೊಡ್ಡಪ್ಪನವರ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತ, ಬೇಡ ಬೇಡ ಎನ್ನುವಂತೆ ತಲೆಯಾಡಿಸಿದರು.

"ಹೆಣ್ಣಿನ ಕಡೆ" ಎಂದುಬಿಟ್ಟೆ.

ಅಡುಗೆಮನೆಗೆ ಹೋಗುತ್ತಿದ್ದಂತೆ ರತ್ನಕ್ಕ ಪಿಸುದನಿಯಲ್ಲಿ ಶುರುಮಾಡಿದರು. "ಮಂಟಪದ ಮೋಟ್ರು ಸುಟ್ಟೋತು ಸಾರ್. ರೂಮುಗಳಲ್ಲಿ ಹನಿ ನೀರಿಲ್ಲ. 'ಮುಖ ತೊಳೆಯಾಕೂ ನೀರಿಲ್ಲದ ಜಾಗಕ್ಕೆ ಕರ್ಸೀರಾ? ನಡೀರಿ, ವಾಪಸ್ ಹೋಗಾಣ' ಅಂತ ಆ ದೊಡ್ಡಪ್ಪ ಎದ್ದೇ ನಿಂತ್ಬಿಟ್ರು. ನಿಮಗೆ ಫೋನ್ ಹಚ್ಚಿದ್ರೆ ಸ್ವಿಚ್ ಆಫ್ ಅಂತೈತೆ, ಮೇಡಮ್ಮೋರು ಎತ್ತಲಿಲ್ಲ. ಏನ್ ಮಾಡ್ಲಿ? ಬೀಗ ತೆಗ್ದೆ. ಮನೆಯೋರೇ ಖುಷಿಯಿಂದ ಬಿಟ್ಕೊಟ್ಟು ಹೋಗ್ಯಾರೆ ಅಂತ ಹೇಳೀನಿ."

"ಸರಿ ಬಿಡಿ. ಈಗ ನಾನೇ ಹೋಗಿ, ಈ ಮನೆಯವನು ನಾನೇ, ಆರಾಮಾಗಿರಿ ಅಂದುಬಿಡ್ತೀನಿ."

"ಬ್ಯಾಡ್ರಿ ಸಾರ್! ಯಾರ್ರೀ ನೀವೆಲ್ಲ ಅಂತ ನೀವು ಕೂಗಿದ್ದು ಎಲ್ರೂ ಕೇಳ್ಯಾರೆ. ನಾನು ಹೇಳ್ದೆ ಕೇಳ್ದೆ ಬೀಗ ತೆಗ್ದೀನಿ ಅಂತ ತಿಳಿದ್ರೆ ಅವರು ಒಂದು ಗಳಿಗೆನೂ ಇಲ್ಲಿರಲ್ಲ. ಮದುವೆ ಆದ್ರೂ, ನನ್ನ ಮಗಳಿಗೆ ಜೀವನಪೂರ್ತಿ ಇದನ್ನೇ ಎತ್ತಾಡ್ತಾರೆ."

ಅವರ ಕಣ್ಣು ತುಂಬಿತ್ತು. "ಆಯ್ತು, ಹೆಣ್ಣಿನ ಕಡೆಯವನೇ ಆಗಿರ್ತೀನಿ" ಎಂದೆ.

ನಿಜ ಹೇಳಲಾ? ನನಗೆ ಸಿಟ್ಟೂ ಬಂದಿತ್ತು. ಆ ಸೋಫಾ ಇದೆಯಲ್ಲ, ಅದನ್ನು ತಂದಾಗಿನಿಂದ ಪ್ಲಾಸ್ಟಿಕ್ ಕವರು ತೆಗೆದಿರಲಿಲ್ಲ. ಹೆಂಡತಿಯ ಆಜ್ಞೆ. ಯಾರು ಕೂತರೂ ಚರಚರ ಸದ್ದು, ಬೇಸಿಗೆಯಲ್ಲಿ ಬೆವರು. ಈಗ ಆ ಕವರು ಸುರುಳಿಯಾಗಿ ಮೂಲೆ ಸೇರಿತ್ತು. ಷೋಕೇಸಿನ ಗಾಜಿನ ಕಪ್ಪುಗಳೂ ಕೆಳಗಿಳಿದಿದ್ದವು. "ಯಾರಾದರೂ ಬಂದಾಗ ಬೇಕಾಗುತ್ತೆ" ಎಂದು ಜೋಪಾನ ಮಾಡಿದ ಕಪ್ಪುಗಳವು. ನಮ್ಮ ಮನೆಗೆ ಬಂದವರಲ್ಲಿ ಇದುವರೆಗೂ ಒಬ್ಬರೂ ಆ "ಯಾರಾದರೂ" ಆಗಿರಲಿಲ್ಲ!

ಇರಲಿ. ಹೆಣ್ಣಿನ ಕಡೆಯವನು ಎಂದು ಬಾಯಿಬಿಟ್ಟ ಮೇಲೆ ನನ್ನ ಗತಿ ಏನಾಗಬಹುದೆಂದು ಯೋಚಿಸಿಯೇ ಇರಲಿಲ್ಲ. ಬೀಗರ ಉಪಚಾರ ಯಾರ ಕೆಲಸ? "ಏನಪ್ಪ, ಸ್ವಲ್ಪ ಬಿಸಿನೀರು ನೋಡ್ರಿ" ಎಂದರು ದೊಡ್ಡಪ್ಪ. ಹೋಗಿ ಗೀಸರ್ ಹಾಕಿದೆ. ನಮ್ಮ ಮನೆಯಲ್ಲಿ ಗೀಸರಿನ ಸ್ವಿಚ್ಚು ಬಾತ್‌ರೂಮಿನ ಹತ್ತಿರ ಇಲ್ಲ, ಫ್ರಿಜ್ಜಿನ ಹಿಂದೆ ಇದೆ. (ಎಲೆಕ್ಟ್ರಿಷಿಯನ್ ಮಹಾಶಯನ ಕೃಪೆ.) ಒಂದೇ ಸಲಕ್ಕೆ ಹುಡುಕಿ ಒತ್ತಿದ್ದಕ್ಕೆ, "ಹುಷಾರ್ ಅದೀರಿ!" ಎಂದು ಶಭಾಷ್‌ಗಿರಿ ಸಿಕ್ಕಿತು. ಆಮೇಲೆ ಟವೆಲ್ ಕೊಟ್ಟೆ, ಹೆಚ್ಚಿನ ಚಾಪೆ ಹಾಸಿದೆ, ಇಬ್ಬರು ಅಜ್ಜಿಯರಿಗೆ ಸಕ್ಕರೆ ಇಲ್ಲದ ಕಾಫಿ ಮಾಡಿದೆ. ಗೋಡೆಯ ಮೇಲೆ ನಮ್ಮ ಮದುವೆ ಫೋಟೊ ಬೇರೆ ಇತ್ತು! ನನ್ನ ಜೀವ ಕೈಯಲ್ಲಿತ್ತು. ಪುಣ್ಯಕ್ಕೆ ಆ ಫೋಟೊದಲ್ಲಿ ನನಗೆ ತಲೆತುಂಬ ಕೂದಲು. ಒಬ್ಬರಿಗೂ ಗುರುತು ಸಿಗಲಿಲ್ಲ.

ಈ ಓಡಾಟದ ನಡುವೆ ಒಮ್ಮೆ ನಡುಮನೆಯಲ್ಲಿ ಸುಮ್ಮನೆ ನಿಂತುಬಿಟ್ಟೆ. ಸೋಫಾದ ಬಟ್ಟೆಯ ತುಂಬ ಸಣ್ಣ ಸಣ್ಣ ನೀಲಿ ಹೂವುಗಳಿವೆ. ಎಷ್ಟು ಚೆಂದ ಇವೆ ಗೊತ್ತಾ? ದುಡ್ಡು ಕೊಟ್ಟು ತಂದವನು ನಾನು, ಸರಿಯಾಗಿ ನೋಡಿದ್ದು ಅವತ್ತೇ. ಕಿಟಕಿಯ ಹತ್ತಿರ ಅಜ್ಜಿಯರು ಗಾಜಿನ ಕಪ್ಪನ್ನು ಬೆಳಕಿಗೆ ಹಿಡಿದು ಮೆಚ್ಚುತ್ತಿದ್ದರು. ಒಳಗೆ ಹೆಂಗಸರ ನಗು. ಮನೆಯೆಲ್ಲ ಮಲ್ಲಿಗೆ ವಾಸನೆ. ಈ ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೇವೆ, ಬಾಗಿಲಿಗೆ ಡಬಲ್ ಲಾಕ್ ಹಾಕಿಸಿದ್ದೇವೆ, ಗೇಟಿಗೆ ಕ್ಯಾಮೆರಾ ಹಾಕಿಸುವ ಮಾತೂ ನಡೆದಿದೆ. ಇಷ್ಟು ಖುಷಿಯಾಗಿ ಈ ಮನೆಯನ್ನು ನಾವು ಒಂದು ದಿನವಾದರೂ ಬಳಸಿದ್ದೇವಾ? ನೆನಪಾಗಲಿಲ್ಲ. ಸಿಟ್ಟು ಯಾವಾಗ ಇಳಿಯಿತೋ ಅದೂ ಗೊತ್ತಾಗಲಿಲ್ಲ.

ರತ್ನಕ್ಕನ ಬಗ್ಗೆಯೂ ಯೋಚಿಸಿದೆ. ನಮ್ಮ ಬೀದಿಯಲ್ಲಿ ಇರುವುದು ನಮ್ಮದೊಂದೇ ಮನೆಯಲ್ಲ. ಕಷ್ಟಕ್ಕೆ ಸಿಕ್ಕಾಗ ನಮ್ಮ ಮನೆಯ ಬೀಗವನ್ನೇ ತೆಗೆದರಲ್ಲ? ಕೀ ಕೊಟ್ಟಿದ್ದೆವು ನಿಜ. ಆದರೆ ತೆಗೆದರೆ ಇವರು ಏನೂ ಅಂದುಕೊಳ್ಳುವುದಿಲ್ಲ ಎಂಬ ಧೈರ್ಯವನ್ನು ನಾವು ಕೊಟ್ಟಿರಲಿಲ್ಲ. ಅದನ್ನು ಅವರೇ ತಂದುಕೊಂಡಿದ್ದರು. ಇದನ್ನು ಹೆಂಡತಿಗೆ ಫೋನಿನಲ್ಲಿ ಇನ್ನೂ ಹೇಳಿಲ್ಲ. (ಇಲ್ಲೇ ಓದಿಕೊಳ್ಳಲಿ. ಸೋಫಾ ಕ್ಷೇಮವಾಗಿದೆ ಕಣೇ.)

ವರಪೂಜೆಗೆ ಹೊರಡುವ ಹೊತ್ತಾಯಿತು. ಗಂಡಸರೆಲ್ಲ ರೆಡಿ. ಹೆಂಗಸರು ಎಂದಿನಂತೆ "ಬಂದೆ, ಬಂದೆ" ಎನ್ನುತ್ತಿದ್ದರು. ಮಧ್ಯಾಹ್ನ ಮದುವೆಯನ್ನೇ ಬಿಟ್ಟು ಹೊರಟಿದ್ದ ದೊಡ್ಡಪ್ಪ ಈಗ ಗರಿಗರಿ ಪಂಚೆ ಉಟ್ಟು, ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೋಡ್ರಿ, ದೇವರ ಮನೇಲಿ ಬೆಳ್ಳಿ ದೀಪ ಹಂಗೇ ಐತೆ. ಟೀವಿ ಐತೆ. ಎಲ್ಲಾನೂ ಅಲ್ಲಲ್ಲೇ ಬಿಟ್ಟು, ಮುಖ ನೋಡದ ಜನಕ್ಕೆ ಮನೆ ಕೊಟ್ಟು ಹೋಗ್ಯಾನಲ್ಲ ಪುಣ್ಯಾತ್ಮ! ನಾನಾಗಿದ್ರೆ ಕೊಡ್ತಿರಲಿಲ್ಲ, ಖರೇ ಹೇಳ್ಬೇಕಂದ್ರೆ. ಪಕ್ಕದ ಮನೆಯೋರೇ ಹಿಂಗಿದ್ರೆ, ಈ ಹೆಣ್ಣುಮಗು ಎಂಥ ಜನದ ನಡುವೆ ಬೆಳದಿರಬೇಕು ಅಂತ ನಮ್ಮೋರಿಗೆಲ್ಲ ಹೇಳ್ದೆ."

ಟ್ರೇ ಹಿಡಿದು ನಿಂತಿದ್ದ ರತ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

"ನಾಳೆ ಆತನಿಗೆ ಒಂದು ನಮಸ್ಕಾರ ಹೇಳಬೇಕು. ನಿಮಗೆ ಪರಿಚಯ ಐತೇನು?" ಎಂದರು ದೊಡ್ಡಪ್ಪ.

"ಇಲ್ಲ ಯಜಮಾನ್ರೇ" ಎಂದೆ. "ನಾನೂ ಅವನನ್ನ ಇನ್ನೂ ನೋಡಿಲ್ಲ."