ಉಜ್ಜಿ ಕಳೆದ ಚಿಪ್ಪು

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಗೀರು ಹಾಕುವಂತಿರಲಿಲ್ಲ. ಅಪ್ಪ ಇಲ್ಲದಿದ್ದರೆ ಅಮ್ಮ ಪಕ್ಕದ ಮನೆಯ ಮಾವನನ್ನು ಕೂಗಿ ಗೀರು ಹಾಕಿಸಿ, ಆಮೇಲೆ ತಾನೇ ಹೆಚ್ಚುತ್ತಿದ್ದಳು. ಪಾಪ ಏನಿದ್ದರೂ ಮಾವನಿಗಾ ಎಂದು ರೇಗಿಸಿದರೆ, ಬಾಯಿ ಮುಚ್ಚಿಕೊಂಡು ಬೇಳೆ ನೋಡು ಎನ್ನುತ್ತಿದ್ದಳು.

ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ನಿವೃತ್ತರಾಗಿ ಗೌರಿಬಿದನೂರಿನಲ್ಲಿದ್ದರು. ಒಂದು ದಿನ ಪುಟ್ಟ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ಅದರಲ್ಲಿದ್ದದ್ದು ಅವರು ವಯಸ್ಸಿನಲ್ಲಿದ್ದಾಗ ಹಿಮಾಲಯದಿಂದ ತಂದ, ಕಲ್ಲಾಗಿಹೋದ ಬ್ರಾಕಿಯೋಪಾಡ್ ಎಂಬ ಕಡಲಜೀವಿಯ ಚಿಪ್ಪು. ಅಂಥದ್ದು ಅವರ ಬಳಿ ಇನ್ನೊಂದಿರಲಿಲ್ಲ. ನೋಡಲು ಕಪ್ಪೆಚಿಪ್ಪಿನ ಹಾಗೇ. ಆದರೆ ಕಪ್ಪೆಚಿಪ್ಪಿಗೆ ಎಡಕ್ಕೊಂದು ಬಲಕ್ಕೊಂದು ಚಿಪ್ಪು, ಇದಕ್ಕೆ ಮೇಲೊಂದು ಕೆಳಗೊಂದು. ಒಳಗೆ ನೀರಿನಿಂದ ಆಹಾರ ಸೋಸುವ ತೋಳುಗಳು, ಅವಕ್ಕೆ ಆಸರೆಯಾಗಿ ಸುಣ್ಣದ ಜೋಡಿ ಸುರುಳಿ. ಸುರುಳಿಯ ತುದಿ ಪಕ್ಕಕ್ಕೆ ಚಾಚಿದ್ದರೆ ಸ್ಪಿರಿಫರ್ ಬಳಗ, ಮೇಲ್ಚಿಪ್ಪಿನತ್ತ ಎದ್ದಿದ್ದರೆ ಅಟ್ರೈಪಾ. ಹೊರಮೈ ಸವೆದಿದ್ದ ಈ ಚಿಪ್ಪನ್ನು ಮೇಷ್ಟ್ರು ಸ್ಪಿರಿಫರ್ ಎಂದು ಕರೆದು, ಜೀವಮಾನವೆಲ್ಲ ಅದನ್ನೇ ವಾದಿಸಿದ್ದರು.

ಸ್ಕ್ಯಾನ್ ಮಾಡಿಸಿದರೂ ಒಳಗಿನ ಸುರುಳಿ ಕಂಡಿರಲಿಲ್ಲ. ಉಳಿದದ್ದು ಹಳೆಯ ದಾರಿ: ಗಾಜಿನ ಮೇಲೆ ಚಿಪ್ಪನ್ನು ಪದರ ಪದರವಾಗಿ ಉಜ್ಜುವುದು, ಪ್ರತಿ ಪದರದ ಅಚ್ಚನ್ನು ತೆಳು ಫಿಲ್ಮಿಗೆ ಇಳಿಸಿಕೊಳ್ಳುವುದು. ಉಜ್ಜಿದ್ದು ಹೋದ ಹಾಗೆಯೇ.

"ನನ್ ಕೈ ನಡುಗುತ್ತೆ ಕಣಮ್ಮ. ನೀನೇ ಮಾಡು," ಎಂದರು.

ನಾನು ಪಾಠ ಮಾಡುವ ಚಿಂತಾಮಣಿಯ ಕಾಲೇಜಿನ ಲ್ಯಾಬಿನಲ್ಲಿ ಕೂತೆ. ಅಬ್ಬಾ, ಆ ಭಯ ಯಾರಿಗೂ ಬೇಡ. ಫಿಲ್ಮಿನಲ್ಲಿ ಒಂದು ಗುಳ್ಳೆ ಬಂದದ್ದು ಕಾಣದೆ ಮುಂದಕ್ಕೆ ಉಜ್ಜಿಬಿಟ್ಟರೆ ಆ ಪದರದ ಕಥೆ ಮುಗಿಯಿತು. ಮೊದಮೊದಲು ಬರೀ ಕಲ್ಲು. ಆಮೇಲೆ ಬಿಳಿ ಚುಕ್ಕೆಗಳು ಕಂಡವು, ಸುರುಳಿಯ ಎಳೆ ಕೊಯ್ದುಹೋದ ಗುರುತು. ಪದರ ಇಳಿದಂತೆ ಚುಕ್ಕೆಗಳ ಸಾಲು ಮೇಲ್ಚಿಪ್ಪಿನತ್ತಲೇ ಏರಿತು. ಪಕ್ಕಕ್ಕೆ ತಿರುಗಲಿ ದೇವರೇ ಎಂದುಕೊಂಡೆ. ಹಾಳಾದ್ದು ತಿರುಗಲಿಲ್ಲ. ಕೊನೆಗೆ ಗಾಜಿನ ಮೇಲೆ ಬೂದುಬಣ್ಣದ ಕೆಸರು ಉಳಿಯಿತು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರಿಗೆ ಹೊರಟೆ. ಏನಂತ ಹೇಳಲಿ? ಮೇಷ್ಟ್ರ ಮಾತು ತಪ್ಪಾಗಿತ್ತು, ಮತ್ತೆ ನೋಡೋಣ ಎನ್ನಲು ಚಿಪ್ಪೇ ಇರಲಿಲ್ಲ. ಮಂಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗಿಬಿಡೋಣ ಎನ್ನಿಸಿತು.

ಮೇಷ್ಟ್ರು ಫಿಲ್ಮುಗಳನ್ನು ಕಿಟಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಬೈದರೂ ಸರಿ, ಏನಾದರೂ ಅನ್ನಲಿ ಎಂದು ಕಾದೆ. ಅವರು ಖಾಲಿ ಡಬ್ಬಿ ಎತ್ತಿಕೊಂಡು, ಬ್ಲೇಡಿನಿಂದ ಅದರ ಚೀಟಿಯ ಮೇಲಿದ್ದ ಹಳೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೆರೆದರು. ಕಾಗದ ಹರಿಯಲಿಲ್ಲ. ಆ ಜಾಗದಲ್ಲೇ ಅಟ್ರೈಪಾ ಎಂದು ಸಣ್ಣಕ್ಷರದಲ್ಲಿ ಬರೆದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಗೀರು ಹಾಕಲು ಅಮ್ಮ ಕೂಗುತ್ತಿದ್ದ ಪಕ್ಕದ ಮನೆಯ ಮಾವ ನೆನಪಾದ. ಮೈಯೆಲ್ಲ ಉರಿದುಹೋಯಿತು.

"ಕೈ ನಡುಗ್ತಿಲ್ವಲ್ಲ ಸಾರ್," ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಯಾವತ್ತೂ ನಡುಗಿಲ್ಲ ಕಣಮ್ಮ. ಒಳಗೆ ಇದೇ ಇರುತ್ತೆ ಅಂತ ಹೆದರಿಕೆ."